ಹಿಂಭಾಗ ಎದ್ದ ಗಾಡಿ

ಕೊಟ್ಟೂರಿನ ಬಸ್ ನಿಲ್ದಾಣದ ಎದುರಿಗೆ ರಸ್ತೆಗೆ ಅಡ್ಡಲಾಗಿ ಒಂದು ಉಬ್ಬು ಇದೆ. ಅದನ್ನು ಹಾಕಿಸಿದ ಪುಣ್ಯಾತ್ಮರು ಯಾರೋ ತಿಳಿಯದು. ಹಾಕಿಸಿದ ಮೇಲೆ ಅವರು ಆ ದಾರಿಯಲ್ಲಿ ಮತ್ತೆ ಬಂದಂತೆ ಕಾಣುವುದಿಲ್ಲ. ಒಂದು ಬೆಳಿಗ್ಗೆ ಶಿವಯೋಗಪ್ಪನ ಪಿಕಪ್ ಗಾಡಿ ಆ ಉಬ್ಬನ್ನು ಅರ್ಧ ಏರಿ, ಮುಂದೆ ಹೋಗುವ ಮನಸ್ಸೂ ಇಲ್ಲದೆ ಹಿಂದೆ ಬರುವ ಮನಸ್ಸೂ ಇಲ್ಲದೆ ಅಲ್ಲಿಯೇ ಕುಳಿತುಬಿಟ್ಟಿತು. ಗಾಡಿಯ ತುಂಬ ಈರುಳ್ಳಿಯ ಚೀಲಗಳು. ಹಿಂಭಾಗ ನೆಲಕ್ಕೆ ತಾಗುವಷ್ಟು ಕುಸಿದಿತ್ತು. ಮುಂಭಾಗ ಆಕಾಶದ ಕಡೆ ಮೂತಿ ಎತ್ತಿತ್ತು. ತಗಡಿಗೆ ತಿಕ್ಕಿ ತಿಕ್ಕಿ ಹಿಂದಿನ ಟೈರಿನಿಂದ ಹೊಗೆ ಏಳುತ್ತಿತ್ತು.

ಎದುರಿನ ಮಿರ್ಚಿ ಅಂಗಡಿಯ ಜೋಗಪ್ಪ ಎಣ್ಣೆಯಲ್ಲಿ ಬಿಟ್ಟ ಮಿರ್ಚಿಯನ್ನು ಮರೆತು ಹೊರಗೆ ಬಂದ.

“ಶಿವಯೋಗಪ್ಪಣ್ಣಾ, ಗಾಡಿ ತಂದೀಯೋ, ನಾಯಿ ಸಾಕೀಯೋ? ನೋಡ್ರಿ ನೋಡ್ರಿ, ಕುಂಡಿ ಊರಿ ಹೆಂಗ ಕುಂತೈತಿ! ಇನ್ನೊಂದೀಟು ಹೊತ್ತು ಬಿಟ್ರ ಬೊಗಳತೈತಿ!”

ಹರಪನಹಳ್ಳಿಗೆ ಹೊರಟಿದ್ದ ಬಸ್ಸಿನವರು ಕಿಟಕಿಗಳಿಂದ ತಲೆ ಹೊರಹಾಕಿ ನಕ್ಕರು. ಕಂಡಕ್ಟರು ಸೀಟಿ ಊದಲು ಬಾಯಿಗೆ ಇಟ್ಟುಕೊಂಡಿದ್ದು ನಗುವಿನಲ್ಲಿ ಕೆಳಗೆ ಬಿತ್ತು. ಬಸ್ಸು ತಡವಾಯಿತು, ಆದರೆ ಆ ದಿನ ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ಶಿವಯೋಗಪ್ಪ ಒಳ್ಳೆಯ ಮನುಷ್ಯ. ಕೂಡ್ಲಿಗಿ, ಕೊಟ್ಟೂರು ಸುತ್ತಿನ ಹೊಲಗಳಲ್ಲಿ ಈರುಳ್ಳಿ ಕೊಂಡು ಮಾರುಕಟ್ಟೆಗೆ ಮುಟ್ಟಿಸುವುದು ಅವನ ಕಸುಬು. ಹೆಂಡತಿ ಕಲ್ಯಾಣಮ್ಮ ಶಿವನ ಪಾದ ಸೇರಿ ಎರಡು ವರ್ಷವಾಗಿತ್ತು. ಹೋಗುವ ಮುಂಚೆ ಆಕೆ ಒಂದೇ ಒಂದು ಮಾತು ಕೇಳಿಕೊಂಡಿದ್ದಳು: ಮಗಳು ಸುಕನ್ಯಾಳನ್ನು ಹಿರೇಹಡಗಲಿಯ ಬೆನಕಪ್ಪನ ಮಗ ಗವಿಸಿದ್ದೇಶನಿಗೆ ಕೊಡಬೇಕು, ಬೇರೆ ಕಡೆ ನೋಡಬಾರದು. ಬೆನಕಪ್ಪನೂ ಆಸ್ಪತ್ರೆಯ ಮಂಚದ ಪಕ್ಕ ನಿಂತು ಆಗಲೆಂದು ಮಾತು ಕೊಟ್ಟಿದ್ದ. ಹುಡುಗ ಹುಡುಗಿ ಒಪ್ಪಿದ್ದರು. ಎಲೆ ಅಡಿಕೆ ಬದಲಾಗುವುದೊಂದು ಬಾಕಿ ಇತ್ತು. ಆ ಶಾಸ್ತ್ರದ ಮುಂಚೆ ಊರಿನ ಎದುರು ತನ್ನ ಗಾಡಿ ನಾಯಿಯಂತೆ ಕುಳಿತದ್ದು ಶಿವಯೋಗಪ್ಪನಿಗೆ ಸಹಿಸಲಾರದಾಯಿತು. ಬೀಗರಿಗೆ ಗೊತ್ತಾದರೆ ಏನೆಂದಾರು?

ಗಾಡಿಯ ಹಿಂದಿನ ಭಾರವನ್ನು ಹೊರುವುದು ಕಮಾನು ಪಟ್ಟಿಗಳು. ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಬಿಗಿದಿರುತ್ತಾರೆ. ಅವಕ್ಕೆ ಏನು ಮಾಡಬೇಕೆಂದು ಅಂದೇ ಜೋಗಪ್ಪನ ಅಂಗಡಿಯ ಬೆಂಚಿನ ಮೇಲೆ ವಿಚಾರ ನಡೆಯಿತು. ಶಿವಯೋಗಪ್ಪ ಯಾರನ್ನೂ ಕರೆದಿರಲಿಲ್ಲ. ಮಿರ್ಚಿಯ ವಾಸನೆಗೆ ಬಂದವರು ಹಾಗೆಯೇ ಸದಸ್ಯರಾದರು.

ಮೊದಲು ಮಾತಾಡಿದವನು ಮೆಕ್ಯಾನಿಕ್ ದುರುಗಣ್ಣ. “ಪಟ್ಟಿ ಸೋತಾವಣ್ಣ. ಲಾರಿಗೆ ಹಾಕೋ ದಪ್ಪನ್ನ ಪಟ್ಟಿ ಸೇರಿಸಿಬಿಡ್ತೀನಿ. ಗುಡ್ಡ ಹೇರಿದ್ರೂ ಕುಂದ್ರಂಗಿಲ್ಲ.”

“ಬ್ಯಾಡ, ಬ್ಯಾಡ,” ಎಂದನು ಗಂಗಪ್ಪ. ಅವನು ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನು. “ದಪ್ಪ ಪಟ್ಟಿ ಸೇರಿಸಿದ್ರ ಖಾಲಿ ಇದ್ದಾಗ ಕುಣೀತೈತಿ. ಮ್ಯಾಲೊಂದು ಸಣ್ಣ ಜೋಡಿ ಪಟ್ಟಿ ಕಟ್ಟಿಸು. ಭಾರ ಬಿದ್ದಾಗ ಅಷ್ಟ ಅದು ಕೆಲಸ ಮಾಡ್ತೈತಿ. ಉಳದ ಹೊತ್ತು ಸುಮ್ನ ಮಲಗಿರ್ತೈತಿ.”

“ಅಂದ್ರ ಸರ್ಕಾರಿ ನೌಕರಿ ಇದ್ದಂಗ,” ಎಂದ ಜೋಗಪ್ಪ. “ನಿನಗ ಅದನ್ನ ಬಿಟ್ಟು ಬ್ಯಾರೆ ಏನು ತಿಳೀತೈತಿ ಗಂಗಪ್ಪಾ? ಶಿವಯೋಗಪ್ಪಣ್ಣಾ, ಇವರ ಮಾತು ಕೇಳಬ್ಯಾಡ. ನಮ್ಮ ಅಳಿಯ ಗುಜರಿ ಅಂಗಡಿ ಇಟ್ಟಾನ. ಸುರುಳಿ ಸ್ಪ್ರಿಂಗು ಬಿದ್ದಾವ, ಒಂದೊಂದು ನನ್ನ ತೊಡಿಗಿಂತ ದಪ್ಪ. ಎರಡೂ ಕಡೀ ನಿಲ್ಲಿಸಿದ್ರ ಮಠಕ್ಕ ಕಂಬ ನಿಲ್ಲಿಸಿದಂಗ!”

“ರಬ್ಬರ್ ಗುಂಡೂ ಹಾಕಬೇಕು,” ಎಂದ ದುರುಗಣ್ಣ, ತಾನು ಹಿಂದೆ ಬೀಳಬಾರದೆಂದು.

ಶಿವಯೋಗಪ್ಪ ಪ್ರತಿಯೊಬ್ಬನಿಗೂ “ಹೌದೌದು, ನೀ ಹೇಳೋದು ಖರೇವ” ಎಂದ. ಒಬ್ಬನಿಗೆ ಹಾಗೆಂದ ಮೇಲೆ ಇನ್ನೊಬ್ಬನಿಗೆ ಅನ್ನದಿರುವುದು ಅವನ ಧರ್ಮಕ್ಕೆ ಬರಲಿಲ್ಲ. ಮನಸ್ಸಿನಲ್ಲಿ ಗಂಗಪ್ಪನ ಮಾತೇ ಸರಿ ಎನಿಸಿತ್ತು. ಆದರೆ ಗಾಡಿ ದುರುಗಣ್ಣನ ಗ್ಯಾರೇಜಿನಲ್ಲಿ ನಿಂತ ಮೇಲೆ ಎಲ್ಲರೂ ಒಬ್ಬೊಬ್ಬರಾಗಿ ತಮ್ಮ ಸಲಹೆ ನಡೆಯಿತೋ ಇಲ್ಲವೋ ಎಂದು ನೋಡಲು ಬಂದರು. ಗಂಗಪ್ಪ ಬಂದು ತನ್ನ ಜೋಡಿ ಪಟ್ಟಿಯನ್ನು ಕಟ್ಟಿಸಿ ಹೋದ. ಜೋಗಪ್ಪ ಅಳಿಯನೊಡನೆ ಸ್ಪ್ರಿಂಗುಗಳನ್ನು ಕೈಗಾಡಿಯಲ್ಲಿ ತಳ್ಳಿಸಿಕೊಂಡೇ ಬಂದ. ತಂದವರನ್ನು ಹಿಂದಕ್ಕೆ ಕಳಿಸುವುದು ಹೇಗೆ? ದುರುಗಣ್ಣನಂತೂ ಮನೆಯ ಯಜಮಾನ. ಅವನ ಪಟ್ಟಿ, ಅವನ ಗುಂಡು ಬೇಡವೆಂದರೆ ಅವನ ಮನೆಯ ಚಹಾ ಕುಡಿದು ಬೈದ ಹಾಗೆ. ಶಿವಯೋಗಪ್ಪ ಎಲ್ಲಕ್ಕೂ ತಲೆಯಾಡಿಸಿದ. ದುರುಗಣ್ಣ ಎಲ್ಲವನ್ನೂ ಬಿಗಿದ. ಬಿಗಿದದ್ದು ಸಾಲದೆಂದು ಬೋಲ್ಟುಗಳಿಗೆ ಬೆಸುಗೆಯನ್ನೂ ಹಾಕಿದ.

ಕೊನೆಗೆ ಜಾಕು ಇಳಿಸಿದರು. ಜಾಕು ಇಳಿಯಿತು, ಗಾಡಿ ಇಳಿಯಲಿಲ್ಲ.

ಹಿಂಭಾಗ ಮೇಲೆದ್ದು, ಮೂತಿ ನೆಲ ನೋಡುತ್ತ ಗಾಡಿ ಮನೆಯ ಮುಂದೆ ಬಂದು ನಿಂತಾಗ ಸುಕನ್ಯಾ ಕಸ ಗುಡಿಸುತ್ತಿದ್ದಳು. ಕೈಯಲ್ಲಿ ಪೊರಕೆ ಹಿಡಿದು ಸ್ವಲ್ಪ ಹೊತ್ತು ನೋಡಿದಳು.

“ಅಪ್ಪಾ, ಗಾಡಿ ಯಾರಿಗೆ ಬಗ್ಗಿ ನಮಸ್ಕಾರ ಮಾಡಾಕ ಹತ್ತೈತಿ?”

“ಹುಚ್ಚಿ! ಭಾರ ಹೇರಿದ ಮ್ಯಾಲ ನೋಡು.”

ಭಾರ ಹೇರಿದರು. ಈರುಳ್ಳಿ ಎಷ್ಟು ತುಂಬಿದರೂ ಗಾಡಿಗೆ ತುಂಬಿದಂತೆ ಅನ್ನಿಸಲಿಲ್ಲ. ಒಂದು ಗೇಣು ಮೇಲೆಯೇ ಇತ್ತು. ಖಾಲಿ ಇರುವಾಗಲಂತೂ ಸಣ್ಣ ಕಲ್ಲು ಸಿಕ್ಕರೂ ಹಿಂಭಾಗ ಹಾರಿ ಬೀಳುತ್ತಿತ್ತು. ಶಿವಯೋಗಪ್ಪನ ತಲೆ ಮೇಲಿನ ತಗಡಿಗೆ ಬಡಿದು ಬಡಿದು, ಅವನು ರುಮಾಲು ಸುತ್ತಿಕೊಳ್ಳದೆ ಗಾಡಿ ಹತ್ತುವುದನ್ನು ಬಿಟ್ಟ.

ಇಷ್ಟಕ್ಕೇ ನಿಂತಿದ್ದರೆ ಶಿವನ ಕೃಪೆ. ಆದರೆ ಅದು ಹೊಸಪೇಟೆ, ಸಂಡೂರು ಕಡೆ ಅದಿರಿನ ಸುಗ್ಗಿ ನಡೆದಿದ್ದ ಕಾಲ. ನಿನ್ನೆ ಸೈಕಲ್ಲಿನಲ್ಲಿದ್ದವನು ಇಂದು ದೊಡ್ಡ ಕಾರಿನಲ್ಲಿ ಧೂಳೆಬ್ಬಿಸಿಕೊಂಡು ಹೋಗುತ್ತಿದ್ದ. ಕಳ್ಳ ಅದಿರು ಹೊರುವ ಗಾಡಿಗಳಿಗೆ ಜನ ಕಂಡುಕೊಂಡಿದ್ದ ಗುರುತು ಒಂದೇ: ಖಾಲಿ ಇದ್ದಾಗ ಹಿಂಭಾಗ ಮೇಲೆದ್ದಿರುವುದು. ಕಬ್ಬಿಣದ ಮಣ್ಣು ಹೊರದವನಿಗೆ ಅಷ್ಟು ಪಟ್ಟಿ ಯಾಕೆ ಬೇಕು?

“ಉಳ್ಳಾಗಡ್ಡಿಗೆ ಇಷ್ಟು ಪಟ್ಟಿ ಯಾರಾರ ಹಾಕಿಸ್ತಾರೇನ್ರಿ?” ಎಂದು ಮೊದಲು ಕೇಳಿದವನು ಜೋಗಪ್ಪನೇ. ಸ್ಪ್ರಿಂಗು ತನ್ನ ಅಳಿಯನ ಅಂಗಡಿಯದು ಎಂಬುದು ಅವನ ವಿಚಾರಕ್ಕೆ ಅಡ್ಡ ಬರಲಿಲ್ಲ. “ಸುಮ್ನ ಬಾಯಿ ಮುಚ್ಚಿಕೊಂಡು ಇರ್ರಿ. ಮನಷ್ಯಾ ಒಳಗಿಂದೊಳಗ ದೊಡ್ಡ ಕೈ ಹಾಕ್ಯಾನ.” ಬಾಯಿ ಮುಚ್ಚಿಕೊಂಡಿರಲು ಅವನು ಹೇಳಿದ್ದು ಅಂಗಡಿಗೆ ಬಂದವರಿಗೆಲ್ಲ.

ಹಗರಿಬೊಮ್ಮನಹಳ್ಳಿಯ ದಾರಿಯಲ್ಲಿ ಅದಿರು ತಡೆಯಲೆಂದು ಒಂದು ಚೆಕ್‌ಪೋಸ್ಟು ಇತ್ತು. ಅಲ್ಲಿಯ ಗಾರ್ಡು ಪಾಲಣ್ಣ ಗಾಡಿಯನ್ನು ದೂರದಿಂದಲೇ ಗುರುತಿಸಿ ಕೈ ಅಡ್ಡ ಮಾಡಿದ.

“ಏನು ಲೋಡು?”

“ಉಳ್ಳಾಗಡ್ಡಿ ರೀ.”

“ಮ್ಯಾಲೆ ಉಳ್ಳಾಗಡ್ಡಿ. ತಳದಾಗ?”

“ತಳದಾಗೂ ಉಳ್ಳಾಗಡ್ಡಿ ರೀ.”

“ಎಲ್ಲಾರೂ ಹಂಗ ಅಂತಾರ. ಇಳಸ್ರಿ.”

ಚೀಲಗಳನ್ನೆಲ್ಲ ರಸ್ತೆಗೆ ಇಳಿಸಿದರು. ಕೆಲವನ್ನು ಬಿಚ್ಚಿ ಸುರಿದರು. ಪಾಲಣ್ಣ ಒಂದು ಗಡ್ಡೆಯನ್ನು ಹೆಚ್ಚಿ ನೋಡಿದ. ಕಣ್ಣೀರು ಬಂತೇ ಹೊರತು ಅದಿರು ಬರಲಿಲ್ಲ. ಗಾಡಿಯ ಹಲಗೆ ಬಡಿದ, ಕೆಳಗೆ ತೂರಿ ನೋಡಿದ. ಏನೂ ಸಿಗಲಿಲ್ಲ. ಏನೂ ಸಿಗದೆ ಹೋದದ್ದರಿಂದ ಅವನ ಸಂಶಯ ಗಟ್ಟಿಯಾಯಿತು.

“ಸಾವ್ಕಾರ್ರ,” ಎಂದ ಕಣ್ಣೊರೆಸಿಕೊಳ್ಳುತ್ತ, “ಇಷ್ಟು ವರ್ಸದ ಸರ್ವಿಸಿನಾಗ ನಿಮ್ಮಂಥಾ ಶಾಣ್ಯಾ ಮನಷ್ಯಾನ್ನ ನೋಡಿಲ್ಲ. ಎಲ್ಲಿ ಇಟ್ಟೀರೋ ಆ ಶಿವಗ ಗೊತ್ತು. ಹೋಗಿ ಬರ್ರಿ.” ಹೀಗೆಂದು ನೆಟ್ಟಗೆ ನಿಂತು ಸಲ್ಯೂಟ್ ಹೊಡೆದ.

ಆ ಹೊತ್ತಿಗೆ ಸರಿಯಾಗಿ ಕೊಟ್ಟೂರಿನ ಬಸ್ಸು ಹಾದುಹೋಯಿತು. ಗಾರ್ಡು ಸಲ್ಯೂಟ್ ಹೊಡೆದದ್ದನ್ನು ಬಸ್ಸಿನಲ್ಲಿದ್ದವರೆಲ್ಲ ಕಂಡರು. ಇನ್ನು ಸಾಕ್ಷಿ ಏನು ಬೇಕು?

ಶಿವಯೋಗಪ್ಪ ಊರಿಗೆ ಬರುವಷ್ಟರಲ್ಲಿ ಜೋಗಪ್ಪ ಬೆಂಚನ್ನು ಒರೆಸಿ ಇಟ್ಟಿದ್ದ. “ಬರ್ರಿ ಸಾವ್ಕಾರ್ರ, ಕುಂದರ್ರಿ. ಮೊದಲ ಘಾಣದ ಮಿರ್ಚಿ ನಿಮಗಂತ ತೆಗದಿಟ್ಟೀನಿ.” ನಿನ್ನೆ ನಾಯಿಯ ಯಜಮಾನನಾಗಿದ್ದವನು ಇಂದು ಸಾವುಕಾರ. ಶಿವಯೋಗಪ್ಪ ಬಾಯಿ ತೆರೆದ. ಅಷ್ಟರಲ್ಲಿ ಅದರೊಳಗೆ ಬಿಸಿ ಮಿರ್ಚಿ ಬಂತು. ಬಾಯಿ ಸುಟ್ಟವನು ವಿವರಣೆ ಕೊಡುವುದು ಕಷ್ಟ.

“ದಿನಕ್ಕ ಎಷ್ಟು ಟ್ರಿಪ್ಪು ಸಾವ್ಕಾರ್ರ?”

“ಹಂಗ... ನಡೀತೈತಿ.”

ಈ ಮಾತಿನಲ್ಲಿ ಸುಳ್ಳಿಲ್ಲ. ಈರುಳ್ಳಿಯ ಟ್ರಿಪ್ಪು ನಡೆಯುತ್ತಲೇ ಇತ್ತು. ಆದರೆ ಕೇಳಿದವರು ತಮಗೆ ಬೇಕಾದದ್ದನ್ನು ಕೇಳಿಕೊಂಡು ಹೋದರು. ಶಿವಯೋಗಪ್ಪನಿಗೂ ಒಳಗೆ ಒಂದು ಹಿತ ಹರಿದಾಡಿತೆಂದು ಹೇಳದಿದ್ದರೆ ದೇವರು ಮೆಚ್ಚುವುದಿಲ್ಲ. ಮುಂದಿನ ಸಂತೆಯಲ್ಲಿ ಅವನು ಬಿಳಿ ಅಂಗಿ, ಬಿಳಿ ಪ್ಯಾಂಟು ತೊಟ್ಟು ಕಾಣಿಸಿಕೊಂಡ. ಈರುಳ್ಳಿಯ ಚೀಲ ಎತ್ತಿದಾಗ ಆ ಬಟ್ಟೆಗೆ ಕೆಂಪು ಮಣ್ಣು ಹತ್ತಿತು. ಅದಿರಿನದೇ ಬಣ್ಣ.

“ಅಪ್ಪಾ, ಇದು ಹಿರೇಹಡಗಲಿಗೆ ಮುಟ್ಟಿದ್ರ ಏನು ಗತಿ?” ಎಂದಳು ಸುಕನ್ಯಾ, ಆ ಅಂಗಿಯನ್ನು ತಿಕ್ಕುತ್ತ.

ಅದು ಆಗಲೇ ಮುಟ್ಟಿತ್ತು. ನೆಂಟರ ಮನೆಗೆಂದು ಆ ಕಡೆ ಹೋಗಿದ್ದ ಗಂಗಪ್ಪ ಬೆನಕಪ್ಪನ ಸಂದೇಶ ಹೊತ್ತು ಬಂದ. ಬೆನಕಪ್ಪ ಮೂರು ಹೊತ್ತು ಲಿಂಗಪೂಜೆ ಮಾಡುವ, ಮಾತಿಗೆ ಗಟ್ಟಿಯಾದ ಮನುಷ್ಯ. ಗಂಗಪ್ಪ ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಒಪ್ಪಿಸಿದ:

“ಭೂಮಿತಾಯಿನ್ನ ಬಗದು ಮಾರೋರ ಮನಿ ಹೆಣ್ಣು ನಮಗ ಬ್ಯಾಡ ಅಂದ್ರಪಾ. ಆದ್ರ ಕಲ್ಯಾಣಮ್ಮಗ ಮಾತು ಕೊಟ್ಟೀನಿ, ಮಂದಿ ಮಾತು ಕೇಳಿ ಮುರಿಯಂಗಿಲ್ಲ ಅಂದ್ರು. ಬರೋ ಸೋಮವಾರ ಮನಿ ನೋಡಾಕ ಬರಬೇಕಂತ. ಅದೇ ಗಾಡಿಯಾಗ ಬರಬೇಕಂತ. ಕಣ್ಣಿಲೆ ನೋಡಿ, ಎಲಿ ಅಡಿಕಿ ಹಿಡೀಬೇಕೋ ಬಿಡಬೇಕೋ ಹೇಳ್ತಾರಂತ.”

ಸುಕನ್ಯಾ ಒಳಗೆ ಹೋಗಿ ತಾಯಿಯ ಪಟದ ಗಾಜನ್ನು ಸೆರಗಿನಿಂದ ಒರೆಸಿದಳು. ಒರೆಸುವಂಥ ಧೂಳು ಅಲ್ಲಿರಲಿಲ್ಲ.

ಶಿವಯೋಗಪ್ಪ ಗ್ಯಾರೇಜಿಗೆ ಓಡಿದ. “ದುರುಗಣ್ಣಾ, ಎಲ್ಲಾ ಬಿಚ್ಚಿಬಿಡಪಾ!”

“ಹೆಂಗ ಬಿಚ್ಚಲಿ? ಗಟ್ಟಿ ಇರಲಿ ಅಂತ ಬೆಸುಗೆ ಹಾಕೀನಿ. ಕೊಯ್ಯಾಕ ಗ್ಯಾಸ್ ಕಟರ್ ಬೇಕು. ಅದು ರಿಪೇರಿಗೆ ಹೊಸಪೇಟಿಗೆ ಹೋಗೈತಿ. ಮುಂದಿನ ವಾರ ಬರ್ರಿ.”

“ಸೋಮವಾರ ನನ್ನ ಮಗಳ ಹಣೇಬರಾ ಐತೋ!”

ದುರುಗಣ್ಣ ಎಣ್ಣೆಯ ಕೈಯಿಂದ ತಲೆ ಕೆರೆದುಕೊಂಡ. “ಒಂದು ಉಪಾಯ ಐತಿ. ಖಾಲಿ ಒಯ್ಯಬ್ಯಾಡ. ಉಳ್ಳಾಗಡ್ಡಿಗಿಂತ ಭಾರದ್ದು ಹಾಕಿದ್ರ ತಾನ ಕುಂದರ್ತೈತಿ.”

“ಮೂಟಿ ಹೇರಿಕೊಂಡು ಹೋದ್ರ, ನೋಡ್ರಿ ಅದಿರು ತಂದ ಅಂತಾರ.”

“ಮೂಟಿ ಯಾಕ? ಬೀಗರ ಮನಿ ನೋಡಾಕ ಹೊಂಟೀಯಲ್ಲ. ಮಂದಿ ಹೇರು.”

ಆ ಕ್ಷಣದಿಂದ ಶಿವಯೋಗಪ್ಪ ಬಂಧುಬಳಗವನ್ನು ನೋಡುವ ರೀತಿಯೇ ಬೇರೆಯಾಯಿತು. ಪ್ರೀತಿ, ಹಿರಿತನ, ಹಳೆಯ ಉಪಕಾರ ಇವನ್ನೆಲ್ಲ ಬದಿಗಿಟ್ಟು ಮೈಕಟ್ಟನ್ನು ಮಾತ್ರ ನೋಡಿ ಆಮಂತ್ರಣ ಕೊಟ್ಟ. ಕೂಡ್ಲಿಗಿಯಲ್ಲಿ ಒಬ್ಬ ದಾಯಾದಿ ಇದ್ದ. ಹೊಲದ ಬದುವಿನ ಜಗಳದಿಂದ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಆತ ಆಳೆತ್ತರ, ಅಷ್ಟೇ ಅಗಲ. ಶಿವಯೋಗಪ್ಪ ತಾನಾಗಿ ಮನೆಗೆ ಬಂದು ಕೈಮುಗಿದದ್ದನ್ನು ಕಂಡು ಆ ಮನುಷ್ಯ ಕಣ್ಣೀರು ಹಾಕಿದ. “ತಮ್ಮಾ, ರಕ್ತ ಅಂದ್ರ ರಕ್ತನೋ! ನನ್ನ ಮರತಿಲ್ಲಲ್ಲ ನೀನು!” ಇತ್ತ ಕಲ್ಯಾಣಮ್ಮನ ಕಾಯಿಲೆಯಲ್ಲಿ ಹಗಲಿರುಳು ಓಡಾಡಿದ್ದ ಅವಳ ತಮ್ಮ ಹಂಪೇಶ ಹೊಸ ಪಂಚೆ ಉಟ್ಟು ಸಿದ್ಧನಾಗಿ ಬಂದರೆ, “ನೀ ಮುಂದಿನ ಸಲ ಬಾರಪಾ” ಎಂಬ ಉತ್ತರ ಸಿಕ್ಕಿತು. ಹಂಪೇಶ ನುಗ್ಗೆಕಾಯಿಯಂತೆ ಇದ್ದ. ಅದಲ್ಲದೆ ಬೇರೆ ತಪ್ಪು ಮಾಡಿರಲಿಲ್ಲ.

ಹರಪನಹಳ್ಳಿಯಿಂದ ಅಕ್ಕ ನಾಗಲಿಂಗಮ್ಮನನ್ನು ಕರೆತಂದ. ಆ ಮನೆತನದಲ್ಲಿ ಸೋದರತ್ತೆ ಮುಟ್ಟದೆ ಎಲೆ ಅಡಿಕೆ ಬದಲಾಗುವುದಿಲ್ಲ, ಹೇಗೂ ಬರಬೇಕಾದವಳು. ಅದಲ್ಲದೆ ಭಗವಂತ ಆಕೆಯನ್ನು ಮಾಡುವಾಗ ಮಣ್ಣಿಗೆ ಬಡತನ ಮಾಡಿರಲಿಲ್ಲ. ಆಕೆ ಕುಳಿತ ಎತ್ತಿನ ಬಂಡಿಯ ಎತ್ತುಗಳು ಮರುದಿನ ಏಳುತ್ತಿರಲಿಲ್ಲವೆಂದು ಹಿರಿಯರು ನೆನೆಯುತ್ತಿದ್ದರು.

ಸೋಮವಾರ ಗುರು ಕೊಟ್ಟೂರೇಶನ ಮಠದ ಕಡೆ ಕೈಮುಗಿದು ಎಲ್ಲರೂ ಗಾಡಿ ಹತ್ತಿದರು. ಶಿವಯೋಗಪ್ಪ ಕೆಳಗೆ ಬಗ್ಗಿ ನೋಡುತ್ತ ಒಬ್ಬೊಬ್ಬರನ್ನೂ ಕೂರಿಸಿದ.

“ಅಣ್ಣಾ, ನೀ ಎಡಕ್ಕ. ಅಕ್ಕಾ, ನೀ ಹಿಂದಕ ಸರಿ. ಇನ್ನೊಂದೀಟು. ಇನ್ನೊಂದೀಟು.”

“ಇನ್ನೂ ಸರದ್ರ ರಸ್ತಾದಾಗ ಬೀಳ್ತೀನೋ! ಮುಂದ ಅಷ್ಟು ಜಾಗ ಐತಲ್ಲ?”

“ಮುಂದ ಬಿಸಲು ಬರ್ತೈತಕ್ಕಾ.”

ಗಾಡಿ ಕುಳಿತಿತು. ಮೊಟ್ಟಮೊದಲ ಬಾರಿಗೆ ಲೋಕದ ಎಲ್ಲ ಗಾಡಿಗಳಂತೆ ನೆಟ್ಟಗೆ ನಿಂತಿತು. ಶಿವಯೋಗಪ್ಪನ ಕಣ್ಣು ತುಂಬಿ ಬಂತು. ಬಂಧುಗಳು ಅದನ್ನು ಮಗಳ ಮೇಲಿನ ಮಮತೆಯೆಂದು ತಿಳಿದರು.

ಚೆಕ್‌ಪೋಸ್ಟಿನಲ್ಲಿ ಪಾಲಣ್ಣ ಎಂದಿನಂತೆ ಸಲ್ಯೂಟ್ ಹೊಡೆದು, ಗಾಡಿಯನ್ನು ಒಂದು ಸುತ್ತು ಹಾಕಿದ.

“ಸಾವ್ಕಾರ್ರ, ಇವತ್ತ ಗಾಡಿ ಕುಂತೈತಲ್ಲ! ಉಳ್ಳಾಗಡ್ಡಿ ಒಂದ ದಿನಾನೂ ಇದನ್ನ ಕುಂದರಿಸಿದ್ದಿಲ್ಲ. ಭಾಳ ಭಾರದ್ದು ಹೇರೀರಿ.” ಹೀಗೆಂದು ಇಣುಕಿ ನೋಡಿದ. ಅವನ ಕಣ್ಣು ನಾಗಲಿಂಗಮ್ಮನ ಮೇಲೆ ಬಿದ್ದು ಅಲ್ಲಿಯೇ ನಿಂತಿತು. “ಓಹೋ,” ಎಂದ.

“ಏನು ಓಹೋ?” ಎಂದಳು ನಾಗಲಿಂಗಮ್ಮ.

“ಏನಿಲ್ಲ ಅಮ್ಮಾರ. ಒಂದೀಟು ಎದ್ದು ನಿಂತ್ರ ಕೆಳಗ ನೋಡ್ತಿದ್ದೆ. ಬ್ಯಾಡ ಬಿಡ್ರಿ. ನೀವು ಎದ್ರ ಗಾಡಿ ಎದ್ದುಬಿಡ್ತೈತಿ.”

ನಾಗಲಿಂಗಮ್ಮ ಬಲಗಡೆ ನೋಡಿದಳು, ಕೂಡ್ಲಿಗಿಯ ದಾಯಾದಿ. ಎಡಗಡೆ ನೋಡಿದಳು, ಹಂಪಸಾಗರದ ದೊಡ್ಡಮ್ಮ, ಆಕೆಯೂ ಕಡಿಮೆಯವಳಲ್ಲ. ಹಂಪೇಶನ ಹೊಸ ಪಂಚೆ ನೆನಪಾಯಿತು. ಎಲ್ಲ ತಿಳಿಯಿತು. ಅಲ್ಲಿಂದ ಹಡಗಲಿ ದಾಟಿ ಹಿರೇಹಡಗಲಿ ಮುಟ್ಟುವವರೆಗೆ ಆಕೆ ತುಟಿ ಎರಡು ಮಾಡಲಿಲ್ಲ. ಶಿವಯೋಗಪ್ಪ ಕನ್ನಡಿಯಲ್ಲಿ ಆಗಾಗ ಅಕ್ಕನ ಮುಖ ನೋಡುತ್ತ, ಬ್ರೇಕು ಯಾವುದು ಕ್ಲಚ್ಚು ಯಾವುದು ಎಂಬುದನ್ನು ಮರೆಯುತ್ತ ಗಾಡಿ ಓಡಿಸಿದ.

ಬೆನಕಪ್ಪ ಮನೆಯ ಕಟ್ಟೆಯ ಮೇಲೆ ನಿಂತಿದ್ದ. ಕೋಲಿನಂಥ ದೇಹ, ಹಣೆಯ ತುಂಬ ವಿಭೂತಿ. ಬಂದವರಿಗೆ ಕೈಮುಗಿಯುವ ಮೊದಲು ಗಾಡಿಯನ್ನು ನೋಡಿದ.

“ಇದ ಗಾಡಿಯೇನು?”

“ಇದ ರೀ.”

“ಎಲ್ಲಾ ಗಾಡಿ ಇದ್ದಂಗ ಐತಲ್ಲ! ಮಂದಿ ಏನೇನೋ ಅಂದ್ರು.” ಬೆನಕಪ್ಪನ ಮುಖ ಸಡಿಲಾಯಿತು. “ಬರ್ರಿ ಬೀಗ್ರ, ಎಲ್ಲಾರೂ ಇಳೀರಿ. ಕಾಲಿಗೆ ನೀರು ತೊಗೊಳ್ರಿ.”

ಶಿವಯೋಗಪ್ಪ ಮುಂದಿನದನ್ನು ಯೋಚಿಸಿರಲಿಲ್ಲ. ಬೀಗರ ಮನೆಗೆ ಹೋದವರು ಗಾಡಿಯಿಂದ ಇಳಿಯುತ್ತಾರೆ ಎಂಬುದು ಅಷ್ಟು ದಿನಗಳ ಸಿದ್ಧತೆಯಲ್ಲಿ ಅವನಿಗೆ ಹೊಳೆದಿರಲಿಲ್ಲ.

ಕೂಡ್ಲಿಗಿಯ ದಾಯಾದಿ ಇಳಿದ. ಗಾಡಿಯ ಕೆಳಗೆ ಏನೋ ‘ಕಿರ್ರ್’ ಎಂದು ನಿಟ್ಟುಸಿರು ಬಿಟ್ಟಿತು. ಹಿಂಭಾಗ ನಾಲ್ಕು ಬೆರಳು ಎದ್ದಿತು. ಹಂಪಸಾಗರದ ದೊಡ್ಡಮ್ಮ ಇಳಿದಳು; ಒಂದು ಗೇಣು ಎದ್ದಿತು. ಬೆನಕಪ್ಪ ಕನ್ನಡಕ ಸರಿಮಾಡಿಕೊಂಡ. ಶಿವಯೋಗಪ್ಪ ಆಯಾಸವಾದವನಂತೆ ಹಿಂದಿನ ಹಲಗೆಯ ಮೇಲೆ ಎರಡೂ ಕೈಯೂರಿ ಶಕ್ತಿಯೆಲ್ಲ ಹಾಕಿ ಒತ್ತಿದ. ಇನ್ನಿಬ್ಬರು ಇಳಿದರು, ಗಾಡಿ ಅವನನ್ನೂ ಎತ್ತಿಕೊಂಡೇ ಎದ್ದಿತು. ಕಾಲಿನ ಹೆಬ್ಬೆರಳು ಮಾತ್ರ ನೆಲದಲ್ಲಿತ್ತು.

ಮೇಲೆ ಉಳಿದವಳು ನಾಗಲಿಂಗಮ್ಮ ಒಬ್ಬಳೇ.

“ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ಇಳೀಬ್ಯಾಡ,” ಎಂದು ಶಿವಯೋಗಪ್ಪ ಪಿಸುಗುಟ್ಟಿದ.

ಬೆನಕಪ್ಪನ ಹೆಂಡತಿ ನೀರಿನ ತಂಬಿಗೆ ಹಿಡಿದು ಬಂದಳು. “ಬರ್ರೆವ್ವಾ, ಇಳೀರಿ. ಸೋದರತ್ತೀನ ಗಾಡಿ ಮ್ಯಾಲ ಕುಂತ್ರ ಹೆಂಗ?”

ನಾಗಲಿಂಗಮ್ಮ ಕುಳಿತಲ್ಲಿಂದಲೇ, ಎರಡು ಓಣಿಗೆ ಕೇಳುವಂತೆ ಬಾಯಿ ಬಿಟ್ಟಳು.

“ಬೀಗ್ರ, ನಾನು ಇಳದ್ರ ಈ ಗಾಡಿ ಏಳ್ತೈತಿ. ಅದಕ್ಕ ನಮ್ಮ ತಮ್ಮ ನನ್ನ ಕರಕೊಂಡು ಬಂದಾನ. ಸೋದರತ್ತಿ ಅಂತಲ್ಲ, ಕಲ್ಲು ಅಂತ!”

“ಅಕ್ಕಾ!”

“ಸುಮ್ಕಿರಲೇ! ಇವನ ಅದಿರು ಹೊಡ್ಯಾಂವ? ಬೀಗ್ರ, ಅದಿರು ಹೊಡಿಯೋವಷ್ಟು ಬುದ್ಧಿ ಇವಂಗಿದ್ರ ನನ್ನನ್ನ ಉಳ್ಳಾಗಡ್ಡಿ ಗಾಡಿಯಾಗ ಯಾಕ ತರ್ತಿದ್ದ? ಯಾವನೋ ಪಟ್ಟಿ ಹಾಕು ಅಂದ, ಹಾಕಿಸಿದ. ಇನ್ನ್ಯಾವನೋ ಸ್ಪ್ರಿಂಗು ತಂದ, ಅದನ್ನೂ ಹಾಕಿಸಿದ. ಸಾವ್ಕಾರಾ ಅಂದ್ರು, ಹೂಂ ಅಂದ. ನಾಳೆ ನೀ ಕ್ವಾಣ ಅಂದ್ರ ಹುಲ್ಲು ತಿಂತಾನ!” ಆಕೆ ಉಸಿರು ತೆಗೆದುಕೊಂಡಳು. ದನಿ ತುಸು ಇಳಿಯಿತು. “ಕಲ್ಯಾಣಿ ಇರೋಮಟ ಇವನ ಪರವಾಗಿ ಆಕಿ ಇಲ್ಲ ಅಂತಿದ್ಲು. ಸಾಲ ಕೇಳಾಕ ಬಂದೋರಿಗೆ, ಕೊಳತ ಮಾಲು ಮಾರಾಕ ಬಂದೋರಿಗೆ, ಎಲ್ಲಾರಿಗೂ ಬಾಗಲದಾಗ ಆಕೀನ ನಿಂತು ಹೇಳಿ ಕಳಸ್ತಿದ್ಲು. ಆಕಿ ಹೋದ್ಲು. ಈಗ ಆ ಮನಿಯಾಗ ಇಲ್ಲ ಅನ್ನೋರು ಯಾರೂ ಇಲ್ಲ.”

ನಾಗಲಿಂಗಮ್ಮ ಕಣ್ಣೊರೆಸಿಕೊಂಡು, ಹಲಗೆ ಹಿಡಿದು, ನಿಧಾನವಾಗಿ ಕೆಳಗಿಳಿದಳು. ಗಾಡಿ ‘ಧಡ್’ ಎಂದು ನೆಗೆದು, ಎರಡು ಸಲ ತೂಗಿ, ಮೂತಿ ಬಗ್ಗಿಸಿ ಬೆನಕಪ್ಪನಿಗೆ ನಮಸ್ಕಾರ ಮಾಡಿ ನಿಂತಿತು.

ಬೆನಕಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಗಾಡಿಯ ಹಿಂದೆ ಹೋಗಿ ಬಗ್ಗಿ ಕುಳಿತ.

“ಈ ದಪ್ಪನ್ನ ಪಟ್ಟಿ?”

“ದುರುಗಣ್ಣ ಹೇಳಿದ್ದು ರೀ.”

“ಈ ಸ್ಪ್ರಿಂಗು?”

“ಜೋಗಪ್ಪನ ಅಳಿಯಂದು ರೀ.”

“ಈ ರಬ್ಬರು?”

“ಅದೂ ದುರುಗಣ್ಣಂದ ರೀ. ಒಂದ ಸಲ ಹೇಳಿ ಸಮಾಧಾನ ಆಗಿದ್ದಿಲ್ಲ.”

ಬೆನಕಪ್ಪ ಎದ್ದು ಎದುರಿಗೆ ನಿಂತ. “ಬೀಗ್ರ, ಇದು ಅಕ್ಕಾರ ಮಾತು ಆತು. ನಾನು ನಿಮ್ಮ ಬಾಯಿಂದ ಕೇಳಬೇಕು. ಅದಿರು ಹೊಡೀತೀರೇನು?”

“ಹಂಗೇನ್ರಿ... ಅಂದ್ರ ಮಂದಿ...”

“ಹಂಗ ಹಿಂಗ ಬ್ಯಾಡ. ಮಂದಿ ಬ್ಯಾಡ. ಹೌದು ಅನ್ರಿ, ಇಲ್ಲ ಅನ್ರಿ.”

ಶಿವಯೋಗಪ್ಪ ಒಮ್ಮೆ ಬಾಗಿಲ ಕಡೆ ನೋಡಿದ, ಯಾರೋ ತನ್ನ ಪರವಾಗಿ ಹೇಳಲು ಅಲ್ಲಿ ನಿಂತಿರಬಹುದೆಂಬಂತೆ. ಯಾರೂ ಇರಲಿಲ್ಲ. ಕತ್ತಿನ ನರಗಳು ಉಬ್ಬಿದವು. ಹಣೆಯಲ್ಲಿ ಬೆವರು ಬಂತು. ಹೆರಿಗೆಯ ಮನೆಯ ಹೊರಗೆ ನಿಂತವರಂತೆ ಎಲ್ಲರೂ ಉಸಿರು ಹಿಡಿದರು.

“ಇ... ಇಲ್ಲ!”

ಆ ಮಾತು ಅಷ್ಟು ಜೋರಾಗಿ ಬಂತೆಂದರೆ ಮಾಳಿಗೆಯ ಮೇಲಿನ ಪಾರಿವಾಳಗಳು ಹಾರಿಹೋದವು. ಒಮ್ಮೆ ಹೊರಬಂದ ಮೇಲೆ ಅದು ನಿಲ್ಲಲೂ ಇಲ್ಲ.

“ಈ ಸ್ಪ್ರಿಂಗು ಬೇಕಾಗಿತ್ತೇನು?”

“ಇಲ್ಲ! ದಪ್ಪ ಪಟ್ಟೀನೂ ಬೇಕಾಗಿದ್ದಿಲ್ಲ. ಗಂಗಪ್ಪ ಹೇಳಿದ ಜೋಡಿ ಪಟ್ಟಿ ಒಂದ ಸಾಕಾಗಿತ್ತು. ಉಳದದ್ದು ಯಾವುದೂ ಬೇಕಾಗಿದ್ದಿಲ್ಲ!”

“ಮತ್ತ ಯಾರಾರ ಸಾವ್ಕಾರಾ ಅಂದ್ರ ಹೂಂ ಅಂತೀರೇನು?”

“ಇಲ್ಲ!”

“ಶಾಬಾಸ್. ಹಂಗಾರ ನಮ್ಮ ಗವಿಸಿದ್ದಗ ಹುಡುಗಿ ಕೊಡ್ತೀರೇನು?”

“ಇಲ್ಲ!”

ಬೆನಕಪ್ಪನ ಹೆಂಡತಿಯ ಕೈಯಿಂದ ತಂಬಿಗೆ ಬಿತ್ತು. ಒಳಬಾಗಿಲಲ್ಲಿ ನಿಂತಿದ್ದ ಗವಿಸಿದ್ದೇಶ ಗೋಡೆ ಹಿಡಿದುಕೊಂಡ. ನಾಗಲಿಂಗಮ್ಮ ತಮ್ಮನ ಬೆನ್ನಿಗೆ ಕೊಟ್ಟ ಏಟಿಗೆ ಅವನು ಮುಗ್ಗರಿಸಿ ಕಟ್ಟೆಗೆ ಆತುಕೊಂಡ. ಬಾಯಿ ತೆರೆದೇ ಇತ್ತು. ಸರಿಪಡಿಸಲು ಹೊರಟರೆ ಮತ್ತೆ ಅದೇ ಮಾತು ಬಂದೀತೆಂದು ಹೆದರಿ ಅವನು ಕೈಯಿಂದ ಬಾಯಿ ಮುಚ್ಚಿಕೊಂಡ. ಕಣ್ಣುಗಳು ಮಾತ್ರ ಬೆನಕಪ್ಪನನ್ನು ಬೇಡುತ್ತಿದ್ದವು.

ಬೆನಕಪ್ಪ ಹತ್ತಿರ ಹೋಗಿ, ಬಾಯಿ ಮುಚ್ಚಿದ್ದ ಆ ಕೈಯನ್ನು ಮೆಲ್ಲಗೆ ಇಳಿಸಿ ಕೇಳಿದ:

“ಹುಡುಗಿ ಕೊಡಾಕ ನಿಮ್ಮದೇನಾರ ತಕರಾರು ಐತೇನ್ರಿ?”

“ಇಲ್ಲ,” ಎಂದ ಶಿವಯೋಗಪ್ಪ. ಈ ಸಲ ಪಾರಿವಾಳಗಳು ಹಾರಲಿಲ್ಲ. ಅವನು ಅಳುತ್ತಿದ್ದ.

ನಾಗಲಿಂಗಮ್ಮ ಎಲೆ ಅಡಿಕೆಯ ತಟ್ಟೆ ಮುಟ್ಟಿದಳು. ತಟ್ಟೆ ಬದಲಾಯಿತು. ಹೋಳಿಗೆಯ ಊಟವಾಯಿತು. ಆದರೆ ಹೊರಡುವ ಹೊತ್ತಿಗೆ ಬಂಧುಗಳಲ್ಲಿ ಒಬ್ಬರೂ ಗಾಡಿ ಹತ್ತಲಿಲ್ಲ. ತಾವು ಯಾವ ಲೆಕ್ಕದಲ್ಲಿ ಬಂದವರೆಂಬುದು ಅಷ್ಟರಲ್ಲಿ ಎಲ್ಲರಿಗೂ ತಿಳಿದಿತ್ತು. ಕೂಡ್ಲಿಗಿಯ ದಾಯಾದಿ ಬದುವಿನ ಜಗಳವನ್ನು ಅಲ್ಲಿಯೇ ಮತ್ತೆ ಪ್ರಾರಂಭಿಸಿ ಬಸ್ಸಿಗೆ ನಡೆದ. ನಾಗಲಿಂಗಮ್ಮ ತಮ್ಮನ ಕಡೆ ತಿರುಗಿಯೂ ನೋಡದೆ ಅವನ ಹಿಂದೆ ಹೋದಳು.

ಖಾಲಿ ಗಾಡಿಯಲ್ಲಿ ಒಬ್ಬನೇ ಕುಳಿತ ಶಿವಯೋಗಪ್ಪನನ್ನು ಕಂಡು ಬೆನಕಪ್ಪನಿಗೆ ಕನಿಕರ ಬಂತು. “ತಡೀರಿ ಬೀಗ್ರ. ಒಬ್ಬರ ಹೋಗಬ್ಯಾಡ್ರಿ. ಕೊಟ್ಟೂರುಮಟ ನಾನೂ ಬರ್ತೀನಿ. ಹುಡುಗೀಗೆ ಸುದ್ದಿ ನಾನ ಹೇಳಬೇಕು,” ಎಂದು ಪಕ್ಕದಲ್ಲಿ ಹತ್ತಿ ಕುಳಿತ. ಬೆನಕಪ್ಪನ ತೂಕ ಆ ಪಟ್ಟಿಗಳಿಗೆ ಗಮನಕ್ಕೇ ಬರಲಿಲ್ಲ. ಹಡಗಲಿ ಬರುವಷ್ಟರಲ್ಲಿ ಇಬ್ಬರು ಬೀಗರ ತಲೆಗಳೂ ಮೇಲಿನ ತಗಡಿಗೆ ಸಾಕಷ್ಟು ಸಲ ಬಡಿದಿದ್ದವು. ಪ್ರತಿ ಏಟಿಗೂ ಬೆನಕಪ್ಪ “ಶಿವ ಶಿವಾ” ಎನ್ನುತ್ತಿದ್ದ. ಆ ಒಂದು ಪ್ರಯಾಣದಲ್ಲಿ ಆದಷ್ಟು ಶಿವನಾಮಸ್ಮರಣೆ ಅವನ ಮೂರು ಹೊತ್ತಿನ ಪೂಜೆಯಲ್ಲೂ ಆಗಿರಲಾರದು.

ಸುಕನ್ಯಾ ಮಧ್ಯಾಹ್ನದಿಂದ ಬಾಗಿಲಲ್ಲೇ ನಿಂತಿದ್ದಳು. ಗಾಡಿ ಕುಣಿಯುತ್ತ ಬಂದು ನಿಂತಿತು. ಅಪ್ಪನ ಜೊತೆ ಹೋದವರಾರೂ ಅದರಲ್ಲಿ ಕಾಣಲಿಲ್ಲ. ಆಗ ಈಚೆಯ ಬಾಗಿಲು ತೆರೆದು, ವಿಭೂತಿ ಅಳಿಸಿ, ರುಮಾಲು ಕಿವಿಯ ಮೇಲೆ ಜಾರಿದ ಬೆನಕಪ್ಪ ಗಾಡಿ ಹಿಡಿದುಕೊಂಡು ಕೆಳಗಿಳಿದ. ಅವಳು ಓಡಿ ಬಂದು ಕಾಲಿಗೆ ಬಿದ್ದಳು. ಅವನು ಒಂದು ಕೈಯಿಂದ ತನ್ನ ತಲೆಯ ಬುಗುಟನ್ನು ಒತ್ತಿಕೊಂಡು, ಇನ್ನೊಂದು ಕೈಯನ್ನು ಅವಳ ತಲೆಯ ಮೇಲಿಟ್ಟ.

“ಏಳವ್ವಾ,” ಎಂದ. “ನಮ್ಮ ಮನಿ ತುಂಬಾಕ ಬರೋವಾಗ ಮಾತ್ರ ಬಸ್ಸಿಗೆ ಬಾ.”